ಹಳೇ ಮಾಡೆಲ್ ಎಂಬ ಮೂಢನಂಬಿಕೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಬಹಳ ಮಂದಿಯಿಲ್ಲ. ಇರುವವರು ಗಣಪತಿ ಪೆಂಡಾಲಿನ ರಸಮಂಜರಿಯಲ್ಲಿ, ಶಾಲೆ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ, ಎನ್.ಆರ್. ಪುರದ ಚರ್ಚುಗಳ ಗಾಯನ ವೃಂದದಲ್ಲಿ ನುಡಿಸುತ್ತಾರೆ. ನಾಲ್ಕು ಜನ ಒಂದೆಡೆ ಸೇರಿದರೆ ಹಾಡಿನ ಮಾತಿಗಿಂತ ಮೊದಲು ಪೆಡಲಿನ ಮಾತು ಬರುತ್ತದೆ. ಅದರಲ್ಲೂ ಡಿಸ್ಟಾರ್ಷನ್ ಪೆಡಲ್: ಗಿಟಾರಿನ ತೆಳು ದನಿಯನ್ನು ಒರಟಾಗಿಸಿ, ಹಿಗ್ಗಿಸಿ, ಉದ್ದಕ್ಕೆ ಎಳೆದು ನಿಲ್ಲಿಸುವ, ಕಾಲಿನಲ್ಲಿ ಒತ್ತುವ ಪುಟ್ಟ ಲೋಹದ ಪೆಟ್ಟಿಗೆ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ: "ಹೊಸದೆಲ್ಲ ದಂಡ ಮಾರಾಯ, ಹಳೇ ಮಾಡೆಲ್ಲಿನ ಸೌಂಡೇ ಬೇರೆ."

ಈ ತೀರ್ಮಾನ ತಪ್ಪು. ತಪ್ಪಾಗಿರುವುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ನಮ್ಮ ಹುಡುಗರ ದುಡ್ಡನ್ನೂ ಅಭ್ಯಾಸದ ಹೊತ್ತನ್ನೂ ನುಂಗುತ್ತಿದೆ, ತಮ್ಮ ಕೈಯ ಮೇಲೆ ಅವರಿಗಿರಬೇಕಾದ ನಂಬಿಕೆಯನ್ನೂ ಕಳೆಯುತ್ತಿದೆ. ಹಾಗಾಗಿ ಇದನ್ನು ಬಿಡಿಬಿಡಿಯಾಗಿ ಖಂಡಿಸಲೇಬೇಕು.

ಮೊದಲು ಆ ಪಕ್ಷದವರ ವಾದವನ್ನು ಅವರ ಮಾತಿನಲ್ಲೇ ಇಡುತ್ತೇನೆ. ಒಬ್ಬಿಬ್ಬರು ಕುಶಲಿಗಳು ಕೈಯಲ್ಲೇ ಬೆಸುಗೆ ಹಾಕಿ ಸ್ವಲ್ಪ ಸ್ವಲ್ಪವೇ ತಯಾರಿಸಿದ ಬುಟಿಕ್ ಪೆಡಲ್‌ಗಳಲ್ಲಿ ಮೊದಲ ಆವೃತ್ತಿಯೇ ಶ್ರೇಷ್ಠ. ಆಮೇಲಿನ ಒಂದೊಂದು ಆವೃತ್ತಿಯಲ್ಲೂ ತಯಾರಕರು ಖರ್ಚು ಉಳಿಸಲು ನಾದವನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ. ಹಳೆಯ ಬಿಡಿಭಾಗಗಳಲ್ಲಿ ಇದ್ದ ಗುಣ ಈಗಿನವುಗಳಲ್ಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿದರೆ ಕಿವಿಯೇ ಹೇಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡ ದೊಡ್ಡ ವಾದಕರು ಬಳಸಿದ್ದು ಹಳೆಯದನ್ನೇ. ಈ ವಾದ ಕೇಳಲು ಸರಿಯೆನಿಸುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ನಿಲ್ಲುವುದಿಲ್ಲ.

ಈ ನಂಬಿಕೆಯ ಮೂಲದೇವರು ಕ್ಲಾನ್ ಸೆಂಟಾರ್. ಅಮೆರಿಕದ ಮ್ಯಾಸಚೂಸೆಟ್ಸಿನ ಬಿಲ್ ಫಿನೆಗನ್ ಎಂಬವರು 1994ರ ಕೊನೆಯಲ್ಲಿ ಇದನ್ನು ಮಾರಲು ಶುರುಮಾಡಿದರು. ಬಹುಪಾಲು ಒಬ್ಬರೇ ಕೂತು ಕೈಯಾರೆ ಜೋಡಿಸಿ, ಸುಮಾರು 8,000 ಪೆಡಲ್ ಮಾಡಿ, 2009ರ ಹೊತ್ತಿಗೆ ನಿಲ್ಲಿಸಿದರು. ಒಳಗಿನ ಸರ್ಕ್ಯೂಟನ್ನು ಬೇರೆಯವರು ನಕಲು ಮಾಡದಿರಲೆಂದು ಅದರ ಮೇಲೆ ಎಪಾಕ್ಸಿ ಸುರಿದು ಮುಚ್ಚಿದ್ದರು. ಹೊರಗಿನ ಪೆಟ್ಟಿಗೆ ಕೆಲವು ಚಿನ್ನದ ಬಣ್ಣದ್ದು, ಕೆಲವು ಬೆಳ್ಳಿ ಬಣ್ಣದ್ದು. ಕೆಲವದರ ಮೇಲೆ ಅರ್ಧ ಮನುಷ್ಯ ಅರ್ಧ ಕುದುರೆಯ ಚಿತ್ರವಿದೆ, ಕೆಲವದರ ಮೇಲೆ ಇಲ್ಲ. ಇವತ್ತು ಹಳೆಯ ಸೆಂಟಾರ್ ಒಂದಕ್ಕೆ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ. ಆ ಬೆಲೆಯೊಳಗೂ ಮೇಲು ಕೀಳು ಇದೆ: ಚಿನ್ನದ ಬಣ್ಣದ್ದಕ್ಕೆ, ಕುದುರೆ ಇರುವುದಕ್ಕೆ ಹೆಚ್ಚು. ಬಣ್ಣಕ್ಕೂ ಚಿತ್ರಕ್ಕೂ ನಾದವಿದೆಯೇ? ಕುದುರೆಯ ಚಿತ್ರ ವಿದ್ಯುತ್ತಿನ ಯಾವ ದಾರಿಯಲ್ಲೂ ಇಲ್ಲ.

ಇದನ್ನು ನಾನು ಹೇಳುವುದಕ್ಕಿಂತ ಮಾಡಿದವರೇ ಹೇಳಿದ್ದು ದೊಡ್ಡದು. ಬಣ್ಣ, ಚಿತ್ರ ಬದಲಾದ ಮಾತ್ರಕ್ಕೆ ತಮ್ಮ ಪೆಡಲಿನ ದನಿಯೇನೂ ಬದಲಾಗಿಲ್ಲ ಎಂದು ಫಿನೆಗನ್ ಹಲವು ಬಾರಿ ಹೇಳಿದ್ದಾರೆ. 2012ರಲ್ಲಿ ಅದೇ ಸರ್ಕ್ಯೂಟನ್ನು ಚಿಕ್ಕ ಪೆಟ್ಟಿಗೆಯಲ್ಲಿ, ಯಂತ್ರದಲ್ಲಿ ಜೋಡಿಸಿ, ಕೆಟಿಆರ್ ಎಂಬ ಹೆಸರಲ್ಲಿ ತಂದಾಗ, ಈ ಅತಿರೇಕದ ಪ್ರಚಾರ ತನ್ನದಲ್ಲ ಎಂಬ ಅರ್ಥದ ಮಾತನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿಸಿದರು. ಆದರೂ ಕೆಟಿಆರ್ ಬಂದ ದಿನದಿಂದ ಅದು 'ನಿಜವಾದ' ಕ್ಲಾನ್ ಅಲ್ಲ ಎನ್ನುವವರಿಗೆ ಕೊರತೆಯಿಲ್ಲ. ತಯಾರಕನ ಮಾತಿಗಿಂತ ಮಾರುವವನ ಮಾತು ಹೆಚ್ಚು ನಂಬಿಕೆಗೆ ಅರ್ಹವಾದದ್ದು ಹೇಗೆ? ಮಾರುವವನ ಹತ್ತಿರ ಹಳೆಯದು ಇದೆ, ಅದಕ್ಕೆ ಬೆಲೆ ಬರಬೇಕು. ಅಷ್ಟೇ ಕಾರಣ.

ಇನ್ನೊಂದು ಉದಾಹರಣೆ ಐಬನೇಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್. ಅದು ಬುಟಿಕ್ ಪೆಡಲ್ ಅಲ್ಲ, ಜಪಾನಿನ ಕಾರ್ಖಾನೆಯ ಮಾಲು. ಆದರೆ ಜಗತ್ತಿನ ಅರ್ಧದಷ್ಟು ಬುಟಿಕ್ ಪೆಡಲ್‌ಗಳು ಅದರ ಸರ್ಕ್ಯೂಟಿನಿಂದಲೇ ಹುಟ್ಟಿದವು ಎಂದರೂ ನಡೆಯುತ್ತದೆ, ಆವೃತ್ತಿ ಹೋಲಿಸುವ ಚಟವೂ ಅಲ್ಲೇ ಜೋರು. 1979ರ ಹೊತ್ತಿಗೆ ಬಂದ ಟಿಎಸ್808 ದೈವಾಂಶ ಸಂಭೂತ, 1982ರ ಟಿಎಸ್9 ಅದರ ಮುಂದೆ ಸಪ್ಪೆ ಎಂಬ ಮಾತನ್ನು ಎನ್.ಆರ್. ಪುರದ ಹುಡುಗರೂ ಬಾಯಿಪಾಠ ಹೇಳುತ್ತಾರೆ. ಎರಡರ ಸರ್ಕ್ಯೂಟ್ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ. ದನಿ ಒಡೆಯುವ ಭಾಗ ಒಂದೇ, ಟೋನ್ ಭಾಗ ಒಂದೇ. ಹೆಸರಿಸಬಹುದಾದ ವ್ಯತ್ಯಾಸ ಕೊನೆಯ ಔಟ್‌ಪುಟ್ ಹಂತದ ಎರಡು ರೆಸಿಸ್ಟರ್: 808ರಲ್ಲಿ 100 ಓಮ್ ಮತ್ತು 10 ಕಿಲೋಓಮ್, 9ರಲ್ಲಿ 470 ಓಮ್ ಮತ್ತು 100 ಕಿಲೋಓಮ್. ಎರಡೂ ಸೇರಿ ಒಂದೆರಡು ರೂಪಾಯಿಯ ವಸ್ತು. ಅವು ಇರುವುದು ದನಿ ರೂಪುಗೊಂಡು ಮುಗಿದ ಮೇಲೆ, ಹೊರಗೆ ಹೋಗುವ ಬಾಗಿಲಲ್ಲಿ. ಇವುಗಳಿಂದ ಕೇಳಿಸುವಂಥ ಬದಲಾವಣೆ ಬರುವುದು ಅಪರೂಪ.

ಅದರೊಳಗಿನ ಐಸಿಯ ಕತೆಯೂ ಹೀಗೆಯೇ. ಹಳೆಯ 808ರಲ್ಲಿ ಜೆಆರ್‌ಸಿ 4558 ಇದೆ, ಅದೇ ಪ್ರಾಣ, ಅದಿಲ್ಲದಿದ್ದರೆ ಪೆಡಲ್ ಹೆಣ ಎನ್ನುತ್ತಾರೆ. 4558 ಅಪರೂಪದ ವಸ್ತುವೇನಲ್ಲ. ನಮ್ಮ ಊರುಗಳ ಸೌಂಡ್ ಸಿಸ್ಟಮ್ಮಿನ ಮಿಕ್ಸರುಗಳಲ್ಲಿ, ಮನೆಯ ಆಂಪ್ಲಿಫೈಯರುಗಳಲ್ಲಿ ದಶಕಗಳಿಂದ ಕೂತಿರುವುದು ಇದೇ ಜಾತಿಯ ಐಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪುಡಿಗಾಸಿಗೆ ಸಿಗುತ್ತದೆ. ರಿಪೇರಿ ಅಂಗಡಿಗಳ ಡಬ್ಬಿಯಲ್ಲಿ ಕೈ ಹಾಕಿದರೆ ಸಿಕ್ಕುವ ಎಂಟು ಕಾಲಿನ ಆ ಕಪ್ಪು ತುಂಡಿಗೆ ಹೊರದೇಶಗಳಲ್ಲಿ ಪವಾಡದ ಪಟ್ಟ ಕಟ್ಟಿದ್ದಾರೆ; ಅದನ್ನು ನಾವು ಪ್ರಶ್ನೆಯಿಲ್ಲದೆ ಒಪ್ಪಿದ್ದೇವೆ.

"ಕಿವಿಯೇ ಹೇಳುತ್ತದಲ್ಲ" ಎನ್ನುವವರಿಗೆ ಈಗ ಉತ್ತರ ಕೊಡುತ್ತೇನೆ. ಈ ವಾದವೇ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಅವರು ಸುಳ್ಳು ಹೇಳುತ್ತಿಲ್ಲ. ಎರಡು ಪೆಡಲ್ ಪಕ್ಕಪಕ್ಕ ಇಟ್ಟು, ಎರಡರ ಗುಬ್ಬಿಯನ್ನೂ ನಡುಮಧ್ಯಕ್ಕೆ ತಿರುಗಿಸಿ ನುಡಿಸಿದಾಗ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತದೆ. ಅದು ಕೇಳಿಸುವುದಕ್ಕೆ ಕಾರಣ ಮಾತ್ರ ಆವೃತ್ತಿಯಲ್ಲ. ಗುಬ್ಬಿಯ ಕೆಳಗಿರುವ ಪೊಟೆನ್ಶಿಯೋಮೀಟರಿನ ಓಮ್ ಮೌಲ್ಯದಲ್ಲಿ ಶೇಕಡಾ 20ರಷ್ಟು ಆಚೀಚೆ ಆಗುವುದನ್ನು ಕಾರ್ಖಾನೆಗಳೇ ಒಪ್ಪುತ್ತವೆ. ಹಾಗಾಗಿ ಒಂದೇ ದಿನ, ಒಂದೇ ಮೇಜಿನ ಮೇಲೆ ತಯಾರಾದ ಎರಡು ಪೆಡಲ್‌ಗಳಲ್ಲೂ ನಡುಮಧ್ಯ ಒಂದೇ ಜಾಗವಾಗಿರುವುದಿಲ್ಲ. ಒಂದರಲ್ಲಿ ಗೇನ್, ಅಂದರೆ ದನಿ ಒಡೆಯುವ ಪ್ರಮಾಣ, ತುಸು ಹೆಚ್ಚು, ಇನ್ನೊಂದರಲ್ಲಿ ದನಿ ತುಸು ಕಡಿಮೆ. ಕಿವಿಯ ಸ್ವಭಾವವೂ ಇಲ್ಲಿ ಸೇರುತ್ತದೆ. ದನಿ ತುಸುವೇ ಜೋರಾದರೆ ಕಿವಿ ಅದನ್ನು 'ಜೋರು' ಎಂದು ಗುರುತಿಸುವುದಿಲ್ಲ. 'ತುಂಬಿದೆ', 'ಜೀವ ಇದೆ', 'ಸ್ಪಷ್ಟ' ಎನ್ನುತ್ತದೆ. ವೋಲ್ಟೇಜಿನಲ್ಲಿ ಶೇಕಡಾ 12ರಷ್ಟು ವ್ಯತ್ಯಾಸವಿದ್ದರೆ 1 ಡೆಸಿಬೆಲ್. ಅಷ್ಟಕ್ಕೇ ತೀರ್ಪು ತಲೆಕೆಳಗಾಗುತ್ತದೆ. ಗುಬ್ಬಿಗಳನ್ನು ಕಣ್ಣಳತೆಯಲ್ಲಿ ಹೊಂದಿಸಿ ಆವೃತ್ತಿಗಳನ್ನು ಹೋಲಿಸುವುದು ಹೋಲಿಕೆಯೇ ಅಲ್ಲ.

ಸರಿಯಾದ ಪರೀಕ್ಷೆ ಕಷ್ಟದ್ದೂ ಅಲ್ಲ. ಮೊಬೈಲಿನಲ್ಲಿ ಒಂದೇ ಸ್ಥಾಯಿಯ ಸ್ವರ ಹಚ್ಚಿ ಅದನ್ನು ಪೆಡಲಿಗೆ ಕೊಡಿ. ಔಟ್‌ಪುಟ್ಟಿಗೆ ಸಾಧಾರಣ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ಅಳೆಯಿರಿ. ಎರಡು ಪೆಡಲಿನಲ್ಲೂ ಅಂಕಿ ಒಂದೇ ಬರುವವರೆಗೆ ಲೆವೆಲ್ ಗುಬ್ಬಿ ತಿರುಗಿಸಿ. ಗೇನನ್ನು ಕಿವಿಯಲ್ಲಿ ಹೊಂದಿಸಿ, ಮತ್ತೆ ಲೆವೆಲ್ ಅಳೆಯಿರಿ. ಒಂದೇ ನುಡಿಸಿಕೆಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಎರಡರ ಮೂಲಕವೂ ಹಾಯಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಕೈ ಎರಡು ಸಲ ಒಂದೇ ಥರ ನುಡಿಸುವುದಿಲ್ಲ. ಆಮೇಲೆ ಸ್ನೇಹಿತನೊಬ್ಬ ನಿಮಗೆ ಕಾಣದಂತೆ ಪೆಡಲ್ ಬದಲಿಸಲಿ, ನೀವು ಯಾವುದೆಂದು ಹೇಳಿ. ಹತ್ತಾರು ಬಾರಿ ಕೇಳಿದ ಮೇಲೂ ತಪ್ಪದೆ ಗುರುತಿಸಿದರೆ ನಿಮ್ಮ ಮಾತಿಗೆ ನಾನು ತಲೆಬಾಗುತ್ತೇನೆ. ಈ ಪರೀಕ್ಷೆ ಮಾಡದೆ 'ಹಳೇದೇ ಸೈ' ಎನ್ನುವವರ ಮಾತಿಗೆ ಬೆಲೆಯಿಲ್ಲ.

ಕಣ್ಣು ಕಟ್ಟಿದಾಗ ಕಿವಿ ಏನು ಹೇಳುತ್ತದೆ ಎಂಬುದಕ್ಕೆ ಪಿಟೀಲಿನ ಲೋಕದಲ್ಲಿ ದೊಡ್ಡ ಸಾಕ್ಷಿಯಿದೆ. ಕೋಟಿಗಟ್ಟಲೆ ಬೆಲೆಯ ಸ್ಟ್ರಾಡಿವೇರಿ ಪಿಟೀಲಿಗೆ ಸಮ ಇಲ್ಲ ಎಂಬ ನಂಬಿಕೆ ಬಹಳ ಹಳೆಯದು. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಕ್ಲೌಡಿಯಾ ಫ್ರಿಟ್ಜ್ ಎಂಬ ವಿಜ್ಞಾನಿಯೂ ಜೋಸೆಫ್ ಕರ್ಟಿನ್ ಎಂಬ ಪಿಟೀಲು ತಯಾರಕರೂ ಸಂಗಡಿಗರೊಡನೆ ಸೇರಿ 21 ಮಂದಿ ನುರಿತ ವಾದಕರ ಕೈಗೆ ಆರು ಪಿಟೀಲು ಕೊಟ್ಟರು: ಮೂರು ಹೊಸವು, ಎರಡು ಸ್ಟ್ರಾಡಿವೇರಿ, ಒಂದು ಹಳೆಯ ಗ್ವಾರ್ನೇರಿ. ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿದರು; ಹಳೆಯ ಮರದ ವಾಸನೆ ಗೊತ್ತಾಗದಿರಲೆಂದು ಗದ್ದ ಊರುವ ಜಾಗಕ್ಕೆ ಸುಗಂಧ ಹಚ್ಚಿದರು. ಹೆಚ್ಚು ಮಂದಿಗೆ ಇಷ್ಟವಾದದ್ದು ಹೊಸ ಪಿಟೀಲು. ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದು ಒಂದು ಸ್ಟ್ರಾಡಿವೇರಿ. 2012ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಜೀವಮಾನವಿಡೀ ಪಿಟೀಲು ಹಿಡಿದವರ ಕಿವಿಯನ್ನೇ ಹೆಸರೂ ಬೆಲೆಯೂ ದಾರಿ ತಪ್ಪಿಸುವುದಾದರೆ, ಪೆಡಲಿನ ಮೇಲಿನ ಚಿನ್ನದ ಬಣ್ಣ ನಮ್ಮ ಕಿವಿಯನ್ನು ಬಿಟ್ಟೀತೇ?

ದೊಡ್ಡ ವಾದಕರ ವಾದಕ್ಕೆ ಬರೋಣ. ಟ್ಯೂಬ್ ಸ್ಕ್ರೀಮರ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಸ್ಟೀವಿ ರೇ ವಾನ್. ಅವರು 808 ಬಳಸಿದರು. 9 ಬಂದಾಗ 9 ಬಳಸಿದರು. ಟಿಎಸ್10 ಬಂದಾಗ ಅದನ್ನೂ ಬಳಸಿದರು. ಅಂಗಡಿಯಲ್ಲಿ ಆಗ ಯಾವುದಿತ್ತೋ ಅದು. ಆವೃತ್ತಿ ಬದಲಾದಾಗ ಅವರ ನಾದ ಬಡವಾಗಲಿಲ್ಲ. ಕರ್ಟ್ ಕೋಬೇನ್ ಜಗತ್ತನ್ನೇ ಅಲ್ಲಾಡಿಸಿದ್ದು ಬಾಸ್ ಕಂಪನಿಯ ಡಿಎಸ್-1 ಮತ್ತು ಡಿಎಸ್-2 ಎಂಬ ಅಗ್ಗದ ಕಾರ್ಖಾನೆ ಪೆಡಲ್‌ಗಳಿಂದ. ಡಿಎಸ್-1 ಬಂದದ್ದು 1978ರಲ್ಲಿ, ಇಂದಿಗೂ ಕೆಲವು ಸಾವಿರ ರೂಪಾಯಿಗೆ ಹೊಸದೇ ಸಿಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಈ ಒಡೆದ ದನಿಯ ಪೆಡಲ್ ಹುಟ್ಟಿದ್ದೇ ಉಪಕರಣದ ದೋಷದಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್ಲಿನ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡಿನ ರೆಕಾರ್ಡಿಂಗ್ ನಡೆಯುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಬಾಸ್ ಗಿಟಾರಿನ ದನಿ ಒಡೆಯಿತು. ಅದನ್ನು ತೆಗೆಯದೆ ಉಳಿಸಿಕೊಂಡರು. ಸ್ವಲ್ಪ ಕಾಲದಲ್ಲೇ ಮೇಸ್ಟ್ರೋ ಫಜ್-ಟೋನ್ ಎಂಬ ಪೆಡಲ್ ಮಾರುಕಟ್ಟೆಗೆ ಬಂತು. ಇದ್ದದ್ದರಿಂದ ಏನನ್ನಾದರೂ ಹೊರಡಿಸಿದವರು ಈ ನಾದವನ್ನು ಕಟ್ಟಿದ್ದಾರೆ; ಮಾಡೆಲ್ ನಂಬರ್ ನೋಡುತ್ತಾ ಕೂತವರಲ್ಲ.

ಹಾಗೆಂದು ಆವೃತ್ತಿಗಳ ನಡುವೆ ವ್ಯತ್ಯಾಸವೇ ಇಲ್ಲ ಎನ್ನುವುದು ಇನ್ನೊಂದು ಸುಳ್ಳಾಗುತ್ತದೆ. ಎಲೆಕ್ಟ್ರೋ-ಹಾರ್ಮೊನಿಕ್ಸ್ ಕಂಪನಿಯ ಬಿಗ್ ಮಫ್ 1969ರಿಂದ ಇಂದಿನವರೆಗೆ ಹಲವು ಬಾರಿ ಬದಲಾಗಿದೆ. ಒಳಗಿನ ಕೆಪಾಸಿಟರ್, ರೆಸಿಸ್ಟರುಗಳ ಮೌಲ್ಯಗಳೇ ಬೇರೆಯಾಗಿವೆ, ಒಂದು ಕಾಲದಲ್ಲಿ ಟ್ರಾನ್ಸಿಸ್ಟರಿನ ಬದಲು ಐಸಿಯೇ ಬಂದಿದೆ. ಅಲ್ಲಿ ದನಿ ನಿಜಕ್ಕೂ ಬೇರೆ. 1966ರ ಫಜ್ ಫೇಸ್‌ನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇತ್ತು, ಆಮೇಲೆ ಸಿಲಿಕಾನ್ ಬಂತು, ಅದೂ ಬೇರೆಯೇ. ದನಿ ಒಡೆಯುವ ಡಯೋಡುಗಳಲ್ಲೂ ಹಾಗೆಯೇ: ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೆ ಅಲೆಯ ತಲೆ ಕತ್ತರಿಸಿದರೆ ಜರ್ಮೇನಿಯಂ ಸುಮಾರು 0.3ಕ್ಕೇ ಮೆಲ್ಲಗೆ ಒತ್ತಲು ಶುರುಮಾಡುತ್ತದೆ. ಸರ್ಕ್ಯೂಟ್ ಬದಲಾದರೆ ದನಿ ಬದಲಾಗುತ್ತದೆ. ಬಣ್ಣ, ವರ್ಷ, ಕಾರ್ಖಾನೆಯ ಊರು ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಬೇರೆಯಾದದ್ದೆಲ್ಲ ಕೀಳೂ ಅಲ್ಲ. ಜರ್ಮೇನಿಯಂ ಹಳೆಯದೆಂದು ಪೂಜಿಸುವವರು ಇನ್ನೊಂದನ್ನೂ ತಿಳಿದಿರಲಿ: ಬಿಸಿ ಏರಿದಂತೆ ಅದರ ಸೋರಿಕೆ ಏರುತ್ತದೆ, ದನಿ ಕೆಡುತ್ತದೆ. ಮಾಘದ ಬೆಳಗಿನ ಚಳಿಯಲ್ಲಿ ಹೊಂದಿಸಿದ ಪೆಡಲ್ ಮಧ್ಯಾಹ್ನದ ಬಿಸಿಲಿಗೆ, ತಗಡಿನ ಪೆಂಡಾಲಿನಡಿ, ಬೇರೆಯೇ ವಸ್ತುವಾಗಿರುತ್ತದೆ.

ನಮ್ಮ ಊರುಗಳಲ್ಲಿ ಗಿಟಾರ್ ಯಾಕೆ ಕೆಟ್ಟದಾಗಿ ಕೇಳಿಸುತ್ತದೆ ಎಂಬುದಕ್ಕೂ ಪೆಡಲಿನ ಆವೃತ್ತಿಗೂ ಸಂಬಂಧವಿಲ್ಲ. ರಸಮಂಜರಿಯ ವೇದಿಕೆಯನ್ನು ಗಮನಿಸಿ. ಅಲ್ಲಿ ಗಿಟಾರ್ ಆಂಪ್ಲಿಫೈಯರೇ ಇರುವುದಿಲ್ಲ. ಪೆಡಲಿನಿಂದ ಹೊರಟ ತಂತಿ ನೇರ ಮಿಕ್ಸರಿಗೆ, ಅಲ್ಲಿಂದ ದೊಡ್ಡ ಬಾಕ್ಸ್‌ಗಳಿಗೆ. ಗಿಟಾರ್ ಆಂಪ್ಲಿಫೈಯರಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಡಿಸ್ಟಾರ್ಷನ್ ಪೆಡಲ್‌ಗಳೆಲ್ಲ ಆ ಸ್ಪೀಕರನ್ನು ನಂಬಿಯೇ ರಚನೆಯಾದವು. ಬಾಕ್ಸಿನ ಹಾರ್ನ್ ಹಾಗಲ್ಲ, 15 ಕಿಲೋಹರ್ಟ್ಜಿನವರೆಗೂ ಎಲ್ಲವನ್ನೂ ಹೊರಹಾಕುತ್ತದೆ. ಅದಕ್ಕೇ ಲೀಡ್ ಗಿಟಾರ್ ಶುರುವಾದೊಡನೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುವುದು. ಅಲ್ಲಿ ಕ್ಲಾನ್ ಇಟ್ಟರೂ ಗುಂಯ್‌ಗುಡುವುದು ತಪ್ಪುವುದಿಲ್ಲ. ಸ್ಪೀಕರಿನ ಗುಣವನ್ನು ಅನುಕರಿಸುವ ಸೌಲಭ್ಯ ಈಗ ಅಗ್ಗದ ಪ್ರೊಸೆಸರುಗಳಲ್ಲೂ ಇದೆ. ಅದಿಲ್ಲದಿದ್ದರೆ ಮಿಕ್ಸರಿನಲ್ಲಿ ಆ ಚಾನೆಲಿನ ಟ್ರೆಬಲ್ ಇಳಿಸಿ ಎಂದು ಸೌಂಡಿನವರನ್ನು ಕೇಳಿದರೂ ಅರ್ಧ ಕಷ್ಟ ಕಳೆಯುತ್ತದೆ.

ಉಳಿದರ್ಧ ಕರೆಂಟಿನದು. ಅರ್ಥಿಂಗ್ ಸರಿಯಿಲ್ಲದ ಪೆಂಡಾಲು, ಏರಿಳಿಯುವ ವೋಲ್ಟೇಜ್, ಜನರೇಟರ್ ಸಾಲಿನಲ್ಲೇ ಸೀರಿಯಲ್ ಲೈಟು. ಡಿಸ್ಟಾರ್ಷನ್ ಪೆಡಲ್ ಗಿಟಾರಿನ ದನಿಯ ಜತೆಗೆ ಇವುಗಳಿಂದ ಹುಟ್ಟುವ ಗುಂಗುಡುವ ಸದ್ದನ್ನೂ ನೂರಾರು ಪಟ್ಟು ಹಿಗ್ಗಿಸುತ್ತದೆ. ಕಳೆದ ಮಳೆಗಾಲದಲ್ಲಿ ಶೃಂಗೇರಿ ಕಡೆಯ ಹುಡುಗನೊಬ್ಬ 'ದನಿ ಸತ್ತಿದೆ, ಹಳೇ ಮಾಡೆಲ್ ತಗೊಳ್ಳೋದೇ ಸೈ' ಎಂದು ಪೆಡಲ್ ತಂದು ತೋರಿಸಿದ. ಬಿಚ್ಚಿದರೆ ಇನ್‌ಪುಟ್ ಜ್ಯಾಕಿನ ಒಳಗೆ ಹಸಿರು ಕಿಲುಬು, ಬ್ಯಾಟರಿ ಕ್ಲಿಪ್ಪಿನ ತುದಿಯಲ್ಲಿ ಬಿಳಿ ಪುಡಿ, ಗುಬ್ಬಿ ತಿರುಗಿಸಿದರೆ ಕರಕರ. ಆಷಾಢದ ತೇವ ಮಾಡಿದ ಕೆಲಸ ಅದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಜ್ಯಾಕ್ ಉಜ್ಜಿ, ಹೊಸ 9 ವೋಲ್ಟ್ ಬ್ಯಾಟರಿ ಹಾಕಿದ ಮೇಲೆ 'ಸತ್ತ' ದನಿ ಎದ್ದು ಕೂತಿತು. ಇನ್ನೂ ಎಷ್ಟೋ ಪೆಡಲ್ ಸಾಯುವುದು ಸಿಸಿಟಿವಿಯ ಅಡಾಪ್ಟರ್ ಚುಚ್ಚಿದ್ದರಿಂದ. ಬಹುತೇಕ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುವೆ ನೆಗೆಟಿವ್. ಸಿಸಿಟಿವಿಯದು 12 ವೋಲ್ಟ್, ನಡುವೆ ಪಾಸಿಟಿವ್. ಈ ಒಂದು ಸಂಗತಿ ಹೇಳಿಕೊಡುವವರಿಲ್ಲ. ಯಾವ ವರ್ಷದ ಯಾವ ಬಣ್ಣದ ಪೆಡಲ್ ಶ್ರೇಷ್ಠ ಎಂದು ಹೇಳುವವರು ಬೇಕಾದಷ್ಟು.

ನಮ್ಮ ನೆಲದ ಕಲಾವಿದರಿಗೆ ಈ ವಿವೇಕ ಹೊಸದಲ್ಲ. ಯಕ್ಷಗಾನದ ಮದ್ದಳೆಗಾರರನ್ನು ನೋಡಿ. ಒಬ್ಬನೇ ಕುಶಲಕರ್ಮಿ ಮಾಡಿಕೊಟ್ಟ ಎರಡು ಮದ್ದಳೆಗಳ ನಾದ ಒಂದೇ ಇರುವುದಿಲ್ಲ, ಥಂಡಿಯ ರಾತ್ರಿಯಲ್ಲಿ ಚರ್ಮ ಸಡಿಲಾಗಿ ಶ್ರುತಿಯೂ ಜಾರುತ್ತದೆ. ಅವರು ಹಳೆಯ ಮದ್ದಳೆ ಹುಡುಕಿಕೊಂಡು ಹೊರಡುವುದಿಲ್ಲ. ಕೈಯಲ್ಲಿರುವುದನ್ನೇ ಬಿಗಿದು, ಭಾಗವತರ ಶ್ರುತಿಗೆ ತಂದು ಕೂರುತ್ತಾರೆ. ಶೃಂಗೇರಿ ಶಾರದಾ ಪೀಠದ ಆಸ್ಥಾನ ವಿದ್ವಾಂಸರಾಗಿದ್ದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮಂಗಳೂರಿನ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತು, ಗಮಕಕ್ಕೆ ಒಪ್ಪದ ಪರದೇಶದ ವಾದ್ಯದಿಂದ ವರ್ಷಾನುಗಟ್ಟಲೆ ಸಾಧನೆಯಲ್ಲಿ ಗಮಕ ಹೊರಡಿಸಿದರು. ಅವರ ಕಛೇರಿ ಕೇಳಿ ಎದ್ದವರು ನೆನಪಿಟ್ಟುಕೊಂಡದ್ದು ಆ ಉಸಿರನ್ನು. ಸ್ಯಾಕ್ಸೊಫೋನ್ ಯಾವ ವರ್ಷದ್ದು ಎಂಬುದನ್ನಲ್ಲ.

ಕೊನೆಯದಾಗಿ ದುಡ್ಡಿನ ಮಾತು. ಈ ಮೂರೂ ತಾಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ತೋಟ ಹೋದ ಮನೆಗಳ ಹುಡುಗರು ಬೆಂಗಳೂರಿನಲ್ಲಿ ದುಡಿದು ಒಂದು ಗಿಟಾರ್ ಕೊಳ್ಳುತ್ತಾರೆ. ಅವರಿಗೆ 'ಆ ಹಳೇ ಪೆಡಲ್ ಇಲ್ಲದಿದ್ದರೆ ನಿನ್ನ ದನಿ ದನಿಯೇ ಅಲ್ಲ' ಎಂದು ಹೇಳುವುದು ಅನ್ಯಾಯ. ಹೊರದೇಶದಿಂದ ಹಳೆಯ ಪೆಡಲ್ ತರಿಸಿದರೆ ಮೂಲ ಬೆಲೆಯ ಮೇಲೆ ಸಾಗಣೆ, ಸುಂಕ ಬೇರೆ, ಕೆಟ್ಟರೆ ವಾರಂಟಿಯಿಲ್ಲ, ನಕಲಿ ಬಂದರೆ ಕೇಳುವವರಿಲ್ಲ. ಅದು ಹೂಡಿಕೆ ಎನ್ನುವವರು ಹೂಡಿಕೆಯೆಂದೇ ಹೇಳಲಿ, ಸಂಗೀತದ ಹೆಸರು ಬಳಸದಿರಲಿ.

ಕೈಯಾರೆ ಪೆಡಲ್ ಮಾಡುವ ಕುಶಲಿಗಳ ಮೇಲೆ ನನಗೆ ಗೌರವವಿದೆ. ಮುಂಬಯಿಯ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್‌ನಂಥ ಸಂಸ್ಥೆ ನಮ್ಮ ದೇಶದಲ್ಲೇ ಇಂಥ ಪೆಡಲ್ ತಯಾರಿಸುತ್ತಿರುವುದು ಸಂತೋಷದ ಸಂಗತಿ. ಮೆಚ್ಚಿದ ಪೆಡಲನ್ನು ಕೊಳ್ಳಿ, ಮಾಡಿದವರಿಗೆ ತಕ್ಕ ಬೆಲೆ ಕೊಡಿ. ಆದರೆ ಮಾಡೆಲ್ ನಂಬರಿಗೂ ಕುದುರೆಯ ಚಿತ್ರಕ್ಕೂ ಬೆಲೆ ಕಟ್ಟಬೇಡಿ.

ಗಾಯನ ವೃಂದ ನಡೆಸುವ ಹಿರಿಯರಿಗೆ, ರಸಮಂಜರಿ ಕಟ್ಟುವವರಿಗೆ, ಗಿಟಾರ್ ಹೇಳಿಕೊಡುವ ಮೇಷ್ಟ್ರುಗಳಿಗೆ ನನ್ನ ಕೇಳಿಕೆ ಇಷ್ಟೇ. ಹುಡುಗರು ಹಳೇ ಮಾಡೆಲ್ಲಿನ ಮಾತೆತ್ತಿದಾಗ ತಲೆಯಾಡಿಸಬೇಡಿ. ಮಲ್ಟಿಮೀಟರ್ ಹಿಡಿಸಿ, ಕಣ್ಣು ಕಟ್ಟಿಸಿ, ಕೇಳಿಸಿ. ಹುಡುಗರೇ, ನಿಮ್ಮಲ್ಲಿರುವ ಪೆಡಲನ್ನು ಬಿಚ್ಚಿ ಕಿಲುಬು ಒರೆಸಿ, ಒಳ್ಳೆಯ ಕೇಬಲ್ ಹಾಕಿ, ಅಡಾಪ್ಟರ್ ನೋಡಿಕೊಳ್ಳಿ, ಬಾಕ್ಸಿಗೆ ಹೋಗುವ ಮುನ್ನ ಟ್ರೆಬಲ್ ಇಳಿಸಿ. ಆಮೇಲೆ ಉಳಿದ ಹೊತ್ತನ್ನೆಲ್ಲ ಮೀಟುವ ಕೈಗೆ ಕೊಡಿ. ಡಿಸ್ಟಾರ್ಷನ್ ಎಷ್ಟೇ ಇದ್ದರೂ ಸ್ವರ ಬಾಗಿಸುವ ಬೆರಳು ಶ್ರುತಿ ತಪ್ಪಿದರೆ ಕೇಳುಗರಿಗೆ ಗೊತ್ತಾಗುತ್ತದೆ; ಪೆಡಲ್ ಯಾವ ವರ್ಷದ್ದು ಎಂಬುದು ಗೊತ್ತಾಗುವುದಿಲ್ಲ.